ಅಕ್ಕನ ಮಗ್ಗದ ಕೆಳಗಿನ ನೀರು

ಕಾಲುವೆಗೆ ನೀರು ಬಿಟ್ಟ ಸುದ್ದಿಯನ್ನು ಪ್ರತಿ ಮುಂಗಾರಿನಲ್ಲೂ ನಾನೇ ಬರೆಯುತ್ತಿದ್ದೆ. ಹೊಸಪೇಟೆಯ ನಮ್ಮ ಕಚೇರಿಯಲ್ಲಿ ಅದು ಹೊಸಬರಿಗೆ ಕೊಡುವ ಕೆಲಸ. ಹಳಬನಾದ ಮೇಲೂ ನಾನು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಯಾವ ಕಾಲುವೆ, ಎಷ್ಟು ನೀರು, ಯಾರು ಪೂಜೆ ಮಾಡಿ ಗೇಟು ಎತ್ತಿದರು, ಇಷ್ಟೇ. ಒಂದು ಕಾಲಂ, ಮೂರು ಪ್ಯಾರಾ. ನೀರು ಹೊರಟಲ್ಲಿಗೆ ಸುದ್ದಿ ಮುಗಿಯುತ್ತಿತ್ತು. ಆ ನೀರು ಮುಂದೆ ಎಲ್ಲೆಲ್ಲಿ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಮಾತ್ರ ಅದರ ಒಂದು ವಿಳಾಸ ಖಚಿತವಾಗಿ ಗೊತ್ತಿತ್ತು: ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆ, ಪಡಸಾಲೆಯ ಬಲಗಡೆ, ಮಗ್ಗದ ಕುಣಿ.

ನೆಲವನ್ನು ತೊಡೆಯಾಳ ಅಗೆದು, ಅದರ ಸುತ್ತ ನೆಟ್ಟ ಕಂಬಗಳಿಗೆ ಕಟ್ಟಿದ ಮಗ್ಗ ಅದು. ನೇಯುವವರು ನೆಲದ ಅಂಚಿಗೆ ಕೂತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಕೆಳಗೆ ಎರಡು ತುಳಿಯುವ ಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ, ಎಳೆಗಳು ಬಾಯಿ ಬಿಡುತ್ತವೆ, ಲಾಳಿ ನಡುವೆ ಓಡುತ್ತದೆ. ಇನ್ನೊಂದನ್ನು ತುಳಿದರೆ ಮೇಲಿನ ಎಳೆ ಕೆಳಗಾಗಿ, ಲಾಳಿ ಬಂದ ದಾರಿಯಲ್ಲೇ ಮರಳುತ್ತದೆ. ಕುಣಿಯಲ್ಲಿ ನೆಲದ ತಂಪು ಇರಬೇಕು, ಇಲ್ಲದಿದ್ದರೆ ರೇಷ್ಮೆ ಎಳೆ ಒಣಗಿ ಕಡಿಯುತ್ತದೆ. ಆದರೆ ನೀರು ಇರಬಾರದು. ಹಲಗೆ ನೆನೆದರೆ ಉಬ್ಬಿ ಹಿಡಿದುಕೊಳ್ಳುತ್ತದೆ, ಹುರಿಗಳು ಬಿಗಿಯುತ್ತವೆ, ಕಾಲು ಒದ್ದೆಯಲ್ಲೇ ಇರಬೇಕಾಗುತ್ತದೆ.

ಕಾಲುವೆ ಅಕ್ಕನ ಮನೆಯಿಂದ ಕಣ್ಣಿಗೆ ಕಾಣದಷ್ಟು ದೂರ. ಗೇಟು ಎತ್ತಿದ ಮೇಲೆ ಮೊದಲು ಗದ್ದೆಗಳು ತುಂಬುತ್ತಿದ್ದವು, ನಾಟಿ ಮುಗಿಯುತ್ತಿತ್ತು, ಮನೆಯ ಹಿಂದೆಲ್ಲ ಆಕಾಶವನ್ನು ಮಡಿಮಡಿಯಾಗಿ ಕತ್ತರಿಸಿ ಹಾಸಿದಂತೆ ಕಾಣುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಕುಣಿಯ ಗೋಡೆಯ ಬುಡದಲ್ಲಿ ಬಣ್ಣ ಗಾಢವಾಗಿರುತ್ತಿತ್ತು. ಮರುದಿನ ಅಲ್ಲಿ ಬೆವರು. ಅದರ ಮರುದಿನ ತಳದಲ್ಲಿ ಒಂದು ಪದರ ನೀರು. ಸದ್ದಿಲ್ಲ, ಹರಿವಿಲ್ಲ, ಬಂದ ದಾರಿಯ ಗುರುತಿಲ್ಲ. ಹಂಪಿಯ ಅರಸರ ಕಾಲದಲ್ಲಿ ಅಗೆದ ಕಾಲುವೆಗಳು ಈ ಕಡೆ ಇನ್ನೂ ಹರಿಯುತ್ತವೆ. ಅವುಗಳ ದಡದಲ್ಲಿ ಬೆಳೆದ ನಮಗೆ ನೀರು ಹೊಸದಲ್ಲ. ಆದರೂ ಗದ್ದೆಯ ನೀರು ಇಷ್ಟು ಮಣ್ಣು ದಾಟಿ, ಯಾರ ಅಪ್ಪಣೆಯೂ ಇಲ್ಲದೆ, ಅಕ್ಕನ ಕಾಲ ಕೆಳಗೆ ಬಂದು ನಿಲ್ಲುವುದನ್ನು ನೋಡಿದಾಗಲೆಲ್ಲ ನನಗೆ ಅಚ್ಚರಿಯಾಗುತ್ತಿತ್ತು.

ನಮ್ಮದು ನೇಕಾರರ ಮನೆಯಲ್ಲ. ಅಕ್ಕ ಮದುವೆಯಾಗಿ ಹೋದ ಮನೆ ನೇಕಾರರದ್ದು. ಮಗ್ಗ ಅವಳ ಅತ್ತೆಯದ್ದು; ಅತ್ತೆಯೇ ಪಕ್ಕದಲ್ಲಿ ಕೂತು, ಬೈದು, ಕೈ ಹಿಡಿದು ಕಲಿಸಿದರು. ಹುಟ್ಟಿನಿಂದ ಮಗ್ಗ ಬಲ್ಲ ನನ್ನ ಭಾವ ಅದನ್ನು ಬಿಟ್ಟು ಸಂಡೂರಿನ ಗಣಿಗಳಲ್ಲಿ ಟಿಪ್ಪರ್ ಓಡಿಸಲು ಹೋಗಿದ್ದರು. ಅದು ಹಾಗೆ ಹೋಗುವ ಕಾಲವೇ ಆಗಿತ್ತು. ಗಣಿಗಳಿದ್ದ ಯಶವಂತನಗರದ ಕಡೆಯಿಂದ ಬರುವ ರಸ್ತೆಗಳು, ಮರಗಳು, ಎಮ್ಮೆಗಳು, ಹೋಟೆಲಿನ ಇಡ್ಲಿ ತಟ್ಟೆ ಎಲ್ಲಕ್ಕೂ ಒಂದೇ ಕೆಂಪು ಬಣ್ಣ ಬಂದಿತ್ತು. ಭಾವ ವಾರದ ರಜೆಗೆ ಬಂದಾಗ ಅವರ ಹುಬ್ಬೂ ಕೆಂಪಗಿರುತ್ತಿತ್ತು.

ಆ ವರ್ಷ ಗದ್ದೆಗಳು ತುಂಬುವ ಮೊದಲೇ, ಓಡಿಸಿ ನೋಡುವಾಗಲೇ, ಕುಣಿಯ ಹಳೆಯ ಮೋಟರು ಸುಟ್ಟುಹೋಯಿತು. ಕುಣಿಯ ಮೂಲೆಯಲ್ಲಿ ಒಂದು ಸಿಮೆಂಟ್ ರಿಂಗು ಇಳಿಸಿ, ಅದರೊಳಗೆ ಮೋಟರು ಕೂರಿಸಿದ್ದರು. ನೀರು ಅಲ್ಲಿಗೆ ಇಳಿಯಬೇಕು, ಮೋಟರು ಅದನ್ನು ಬೀದಿಯ ಚರಂಡಿಗೆ ದಾಟಿಸಬೇಕು. ಆದರೆ ಕರೆಂಟು ದಿನಕ್ಕೆ ಹಲವು ಸಲ ಹೋಗುತ್ತಿತ್ತು, ಇದ್ದಾಗಲೂ ಸಾಲದಾಗುತ್ತಿತ್ತು. ಅರ್ಧ ಕರೆಂಟಿನಲ್ಲಿ ಗುರ್ ಎಂದು ನಿಂತಲ್ಲೇ ನಿಂತು ಮೋಟರು ಕರಕಾಯಿತು.

ಭಾವ ಅದನ್ನು ಎತ್ತಿ ಅಂಗಳದಲ್ಲಿಟ್ಟು ಹೇಳಿದರು: "ಸಾಕು. ಕುಣಿ ಮುಚ್ಚಿಬಿಡೂನು."

"ಮುಚ್ಚಿ ಏನ್ ಮಾಡ್ತೀರಿ?" ಎಂದಳು ಅಕ್ಕ.

"ಟೈಲ್ಸ್ ಹಾಕ್ಸೂನು. ಟಿವಿ ಇಡೂನು. ನಾಲ್ಕು ಮಂದಿ ಹಂಗ ಇರೂನು. ನಿನ್ನ ಕಾಲು ನೀ ನೋಡ್ಕೊಂಡೀಯೇನು? ನೀರಾಗ ನೆನಸಿದ ಶೇಂಗಾ ಆಗ್ಯಾವು."

"ಟಿವಿ ಮುಂದ ಕುಂತು ನಾ ಏನ್ ನೇಯ್ಲಿ?"

ಬಾಗಿಲಲ್ಲಿ ಕೂತಿದ್ದ ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ ಅಂದರು: "ಅವನ ತಲಿ ನೇಯಿ. ಅದರಾಗಿನ ಎಳಿ ಭಾಳ ಸಡ್ಲ ಆಗ್ಯಾವು."

ನಗೆ ಬಂತು. ಆದರೆ ಭಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ವರ್ಷ ಅಕ್ಕನ ಬೆರಳ ಸಂದುಗಳು ಬಿರಿದು, ಚಪ್ಪಲಿ ಹಾಕಲಾರದೆ ಅವಳು ಹಿಮ್ಮಡಿಯ ಮೇಲೆ ನಡೆದಿದ್ದಳು. ಅದನ್ನು ನೋಡಲಾರದೆಯೇ ಭಾವ ಹಾಗೆ ಹೇಳಿದ್ದು. ಹೇಳಿದ್ದಷ್ಟೇ ಅಲ್ಲ, ಮುಂದಿನ ರಜೆಗೆ ಬರುವಾಗ ಗಣಿಯಲ್ಲಿ ಬಿಸಾಡುವ ಗರಸು ಮಣ್ಣನ್ನು ಒಂದು ಟಿಪ್ಪರ್ ತುಂಬ ತಂದು ಬಾಗಿಲ ಮುಂದೆ ಸುರಿಸಿಯೇಬಿಟ್ಟರು. ಕೆಂಪು ಮಣ್ಣು, ನಡುನಡುವೆ ಕಬ್ಬಿಣದ ಭಾರದ ಕರಿ ಕಲ್ಲುಗಳು. ಅಂದಿನಿಂದ ಅಕ್ಕ ನೀರಿಗೆ ಹೋಗುವಾಗಲೂ ಕಸ ಚೆಲ್ಲುವಾಗಲೂ ಆ ಗುಡ್ಡೆಯನ್ನು ಸುತ್ತಿಕೊಂಡೇ ಹೋಗಬೇಕಾಯಿತು. ಅವಳ ಕುಣಿಯನ್ನು ತುಂಬಲಿಕ್ಕೆಂದೇ ಬಂದ ಮಣ್ಣು ಅದು.

ಮಗ್ಗದ ಮೇಲೆ ಆಗಷ್ಟೇ ಹೊಸ ಹಾಸು ಏರಿತ್ತು. ಹೊಸ ಹಾಸನ್ನು ಹಳೆಯದರ ತುದಿಗೆ ಎಳೆ ಎಳೆಯಾಗಿ ಹೊಸೆದು ಸೇರಿಸಬೇಕು. ಅಕ್ಕ ಮತ್ತು ಅತ್ತೆ ಎದುರುಬದುರು ಕೂತು ಆ ಕೆಲಸ ಮುಗಿಸಿದ್ದರು. ಈಗ ಬಿಚ್ಚುವ ಹಾಗಿಲ್ಲ, ಕೊಯ್ಯಬೇಕು ಅಷ್ಟೇ.

"ಈ ಹಾಸು ಮುಗಿಯೋ ತನಕ ತಡೀರಿ," ಎಂದಳು ಅಕ್ಕ.

ಭಾವ ಯೋಚಿಸಿದರು. "ಹೊಸ ಮೋಟರ್ ಹಾಕ್ಸೂನು. ಕರೆಂಟ್ ಹೋದ್ರೂ ನಡಿಯೋ ಹಂಗ ಬ್ಯಾಟ್ರಿ ಹಚ್ಚೂನು. ಅದಾದ ಮ್ಯಾಲೂ ನೀರು ಹಲಗಿಗೆ ತಟ್ಟಿತು ಅಂದ್ರ, ಹಾಸು ಕೊಯ್ದು ಕುಣಿ ಮುಚ್ಚೂದು. ಒಪ್ಪಿಗಿ ಏನು?"

"ಒಪ್ಪಿಗಿ. ತಟ್ಟಿದ್ರ ನಾನ ಕತ್ರಿ ಹಿಡೀತೀನಿ."

"ಪೇಪರ್‌ನವ ಇಲ್ಲೇ ಅದಾನ, ಸಾಕ್ಷಿ," ಎಂದು ಭಾವ ನನ್ನ ಕಡೆ ಕೈ ಮಾಡಿದರು. ನಾನು ತಲೆಯಾಡಿಸಿದೆ. ಸಾಕ್ಷಿಯ ಕೆಲಸ ಅಭ್ಯಾಸವಿತ್ತು, ಆದರೆ ಮನೆಯ ಮಾತಿಗೆ ಸಾಕ್ಷಿಯಾಗುವುದು ಹಗುರವಲ್ಲ ಎಂದು ಆಗ ತಿಳಿದಿರಲಿಲ್ಲ.

ಮೋಟರು ಹುಡುಕುವ ಕೆಲಸ ನನಗೆ ಬಂತು. ಹೊಸಪೇಟೆಯಲ್ಲಿ ಆಗ ಯಾವ ಅಂಗಡಿಗೆ ಹೋದರೂ ಗಣಿಗೆ ಬೇಕಾದ್ದೇ ಇರುತ್ತಿತ್ತು. ಪಂಪು ಮಾರುವ ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಯಾವ ಮೈನ್ಸ್ ಸರ?"

"ಮೈನ್ಸ್ ಅಲ್ಲರಿ. ಗುಂಡಿಯಾಗಿನ ನೀರು ತೆಗೀಬೇಕು."

"ಗುಂಡಿ ಎಷ್ಟ್ ಎಕರೆ?"

"ಒಂದು ಮಂಚದಷ್ಟು."

ಅವರು ಗಲ್ಲಾದ ಹಿಂದಿನಿಂದ ಎದ್ದು ನನ್ನನ್ನು ಸರಿಯಾಗಿ ನೋಡಿದರು. "ಅಷ್ಟಕ್ಕ ಮೋಟರ್ ಯಾಕ್ರಿ? ಒಂದ್ ಚರಗಿ ತಗೊಂಡು ಮೊಗದು ಚೆಲ್ರಿ." ಆಮೇಲೆ ಪಾಪವೆನಿಸಿತೋ ಏನೋ, ಸಣ್ಣ ಮೋಟರನ್ನು ಹೊರಗಿನಿಂದ ತರಿಸಬೇಕು, ತಡವಾಗುತ್ತದೆ, ಬಂದರೆ ಹೇಳಿ ಕಳಿಸುತ್ತೇನೆ ಎಂದರು.

ತಡ ಮಾಡುವ ಹಾಗಿರಲಿಲ್ಲ. ನಾಟಿ ಶುರುವಾಗಿತ್ತು. ಭಾವ ತಾವೇ ಯಶವಂತನಗರದಿಂದ ಒಂದು ಮೋಟರು ತಂದರು. ಗಣಿಯ ಗುಂಡಿಗಳಿಂದ ಮಳೆನೀರು ಎತ್ತುತ್ತಿದ್ದ ಗುತ್ತಿಗೆದಾರರೊಬ್ಬರದ್ದು. ಅದನ್ನು ಎತ್ತಿ ತರಲು ಇಬ್ಬರು ಬೇಕಾದರು. ಜೊತೆಗೆ ಟಿಪ್ಪರಿನಿಂದ ಬಿಚ್ಚಿದ ಎರಡು ಬ್ಯಾಟರಿಗಳು, ಒಂದು ದೊಡ್ಡ ಇನ್ವರ್ಟರ್. ನಮ್ಮ ಕಡೆ ಆಗ ಯಾರ ಮನೆಯಲ್ಲಿ ನೋಡಿದರೂ ಇನ್ವರ್ಟರಿಗೆ ಲಾರಿ ಬ್ಯಾಟರಿಯೇ. ಊರ ತುಂಬ ಲಾರಿಗಳಿದ್ದಾಗ ಬೇರೆ ಬ್ಯಾಟರಿ ಇರುತ್ತದೆಂದು ಯಾರಿಗೂ ತೋಚುತ್ತಿರಲಿಲ್ಲ. ನನಗೂ ತೋಚಲಿಲ್ಲ.

ಕೂರಿಸಲು ಬಂದವರು ಪಾಪಿನಾಯಕನಹಳ್ಳಿಯ ಒಬ್ಬ ಮಿಸ್ತ್ರಿ, ಭಾವನ ಗೆಳೆಯರು. ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದ ಅವರ ದನಿಯೂ ಗಣಿಯಷ್ಟೇ ದೊಡ್ಡದು. ಹಳೆಯ ರಿಂಗಿನಲ್ಲಿ ಈ ಮೋಟರು ಹಿಡಿಯಲಿಲ್ಲ. ರಿಂಗು ತೆಗೆದು ಮೂಲೆಯನ್ನು ಇನ್ನಷ್ಟು ಆಳಕ್ಕೆ ಅಗೆದರು. ಕರಿಮಣ್ಣು ಮುಗಿಯಿತು. ಅದರ ಕೆಳಗೆ ನುಣ್ಣನೆಯ ಬಿಳಿ ಮರಳು ಬಂತು, ಹೊಳೆಯ ಮರಳು.

ಎಲ್ಲರೂ ಬಗ್ಗಿ ನೋಡಿದೆವು. ಹೊಳೆ ಊರಾಚೆ ಇದೆ. ಯಾವ ಕಾಲದಲ್ಲೋ ಅದು ಈ ಪಡಸಾಲೆಯ ಕೆಳಗೇ ಹರಿದಿರಬೇಕು. ಅದು ಬಿಟ್ಟು ಹೋದ ಹಾಸಿಗೆಯ ಮೇಲೆ ಮಣ್ಣು ಕೂತು, ಮಣ್ಣಿನ ಮೇಲೆ ಊರು ಕೂತು, ಊರಿನಲ್ಲಿ ಈ ಮನೆ, ಮನೆಯಲ್ಲಿ ಈ ಮಗ್ಗ. ಅತ್ತೆ ಒಂದು ಚಿಟಿಕೆ ಮರಳು ತೆಗೆದು ಅಂಗೈಯಲ್ಲಿಟ್ಟು ಉಜ್ಜಿ ನೋಡಿದರು.

"ಛಲೋ ಆತು," ಎಂದರು ಮಿಸ್ತ್ರಿ. "ಮರಳು ಸಿಕ್ತಂದ್ರ ನೀರು ಮಸ್ತ್ ಬರ್ತೈತಿ."

"ನೀರು ಬರೂದು ಬ್ಯಾಡ ಅಂತ ಅಲ್ಲೇನೋ ಯಪ್ಪಾ ನಿನ್ನ ಕರ್ಸಿದ್ದು?" ಎಂದರು ಅತ್ತೆ.

"ಬರ್ಲಿ ಬಿಡವ್ವ. ಬಂದದ್ದನ್ನ ಇದು ನುಂಗ್ತೈತಿ."

ನುಂಗಿತು. ಕುಣಿಗೆ ನೀರು ಬಂದ ದಿನ ಮಿಸ್ತ್ರಿ ಸ್ವಿಚ್ಚು ಒತ್ತಿದರು. ನೆಲ ನಡುಗಿತು, ಮಗ್ಗದ ಹುರಿಗಳು ಜುಂಯ್ ಎಂದವು. ನಾವು ಉಸಿರು ಎಳೆದು ಬಿಡುವುದರೊಳಗೆ ನೀರು ಒಂದು ಸುಳಿಯಾಗಿ ಮೂಲೆಗೆ ಓಡಿ ಮಾಯವಾಯಿತು. ಹೊರಗೆ ಪೈಪಿನ ಬಾಯಿಯಿಂದ ಚರಂಡಿಯ ಆಚೆಗೂ ನೀರು ಚಿಮ್ಮಿ, ಎದುರುಮನೆಯ ಕಟ್ಟೆ ತೊಳೆಯಿತು. ಎದುರುಮನೆಯವರು ಹೊರಗೆ ಬಂದು, "ಏನ್ರೀ, ಡ್ಯಾಮ್ ಗೇಟ್ ನಿಮ್ಮ ಮನಿಗೇ ತಂದ್ರೇನು?" ಎಂದು ಕೂಗಿದರು. ಭಾವನ ಮುಖ ಅರಳಿತ್ತು. ಕುಣಿ ಒಣಗಿ ಬಿಳುಚಿತು. ಇಂಥ ಬಲವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಎಲ್ಲರ ಹಾಗೆ ನಾನೂ ಮೆಚ್ಚಿದೆ.

ಮುಂದಿನ ಸಲ ನಾನು ಹೋದಾಗ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಭಾವ ಗಣಿಯಲ್ಲಿದ್ದರು. ಅಕ್ಕ ಹೇಳಿದಳು: ಬ್ಯಾಟರಿ ಮೊದಮೊದಲು ಚೆನ್ನಾಗಿ ಎಳೆಯಿತು. ಆಮೇಲೆ ಕರೆಂಟು ಹೋದಾಗ ಮೋಟರು ಒಂದು ಗುಟುಕು ನೀರು ಎಳೆದು ಮಲಗತೊಡಗಿತು. ಈಗ ಅಷ್ಟೂ ಇಲ್ಲ. ಕರೆಂಟು ಹೋದರೆ ನೀರು ಏರುತ್ತದೆ, ಬಂದರೆ ಮೋಟರು ಒಂದೇ ಏಟಿಗೆ ಅದನ್ನು ಕೆಳಕ್ಕೆ ಎಳೆಯುತ್ತದೆ. ಏರುವುದು, ಇಳಿಯುವುದು, ದಿನವೆಲ್ಲ ಇದೇ ಆಟ. ನೀರಿನ್ನೂ ಹಲಗೆಗೆ ತಟ್ಟಿಲ್ಲ. ಆದರೆ ನೇಯ್ಗೆ ಕೆಡುತ್ತಿದೆ. ಎಡಗಡೆಯ ಅಂಚು ಸಡಿಲ ಬರುತ್ತಿದೆ. ಕುಣಿ ಒಣಗಿದಾಗ ಎಳೆ ಪಟಪಟ ಕಡಿಯುತ್ತಿದೆ.

"ನನ್ನ ಕೈಯ ಸರಿ ಇಲ್ಲೋ ಏನೋ," ಎಂದಳು.

"ಕೈ ಸರಿ ಐತಿ. ಮನಸು ಬಾಗ್ಲಾಗಿನ ಗುಡ್ಡಿ ಮ್ಯಾಲ ಐತಿ," ಎಂದರು ಅತ್ತೆ.

ಕಾಲು ತೊಳೆಯಲು ಹೊರಗೆ ಹೋದೆ. ಪೈಪಿನ ಬಾಯಿ ಚರಂಡಿಗೆ ಬೀಳುವಲ್ಲಿ ಮರಳು ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿತ್ತು. ಹೊಳೆ ಸಮುದ್ರ ಸೇರುವ ಕಡೆ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಕಾಣುವಂತೆ, ಕವಲು ಕವಲಾಗಿ, ಬಹಳ ಚೆಂದವಾಗಿತ್ತು. ಒಂದು ಕೋಳಿ ಅದರ ಮೇಲೆ ನಡೆದು ಹೆಜ್ಜೆ ಮೂಡಿಸಿತ್ತು. ಬೀದಿಯ ಮಣ್ಣು ಕೆಂಪು. ಚರಂಡಿಯ ಕೆಸರು ಕಪ್ಪು. ಇದು ಮಾತ್ರ ಬಿಳಿ.

ಅದನ್ನೇ ನೋಡುತ್ತ ನಿಂತಾಗ ಸುದ್ದಿಯ ಎರಡು ಸಾಲು ಒಂದಕ್ಕೊಂದು ಕೂಡಿದ ಹಾಗಾಯಿತು. ಒಳಗೆ ಹೋಗಿ ಅಕ್ಕನನ್ನು ಕರೆದು ತೋರಿಸಿದೆ. ಅವಳು ಬಗ್ಗಿ ಮುಟ್ಟಿದಳು. ಒಳಗೆ ಬಂದು ಕುಣಿಯ ಎಡ ಕಂಬವನ್ನು ಹಿಡಿದು ಅಲ್ಲಾಡಿಸಿದಳು. ಅದು ಅಲ್ಲಾಡಿತು. ಅತ್ತೆ ಒಂದು ಬಿದಿರ ಕೋಲು ಕೊಟ್ಟರು. ಕಂಬದ ಬುಡಕ್ಕೆ ಅದನ್ನು ಊರಿದರೆ, ಗಟ್ಟಿ ನೆಲದಲ್ಲಿ ನಿಲ್ಲಬೇಕಾದದ್ದು ರೊಟ್ಟಿ ಹಿಟ್ಟಿನಲ್ಲಿ ಬೆರಳು ಇಳಿದಂತೆ ಇಳಿಯಿತು.

ಮೋಟರು ಬರೀ ನೀರು ನುಂಗುತ್ತಿರಲಿಲ್ಲ. ಮಗ್ಗ ನಿಂತ ನೆಲವನ್ನೇ ನುಂಗುತ್ತಿತ್ತು.

ಕರೆಂಟು ಇತ್ತು, ಮೋಟರು ಓಡುತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಓಡಲು ಬಿಟ್ಟರೆ ಕಂಬ ಕೂರುತ್ತದೆ. ನಿಲ್ಲಿಸಿದರೆ ನೀರು ಹಲಗೆಗೆ ಬರುತ್ತದೆ, ಮಾತಿನಂತೆ ಹಾಸು ಕೊಯ್ಯಬೇಕು.

"ಇವತ್ತ ಬರ್ತಾನವ, ರಜಾ ಐತಿ," ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ, "ಏ ಹುಡುಗಿ, ಹಲಗಿ ಬಿಚ್ಚಿ ಮ್ಯಾಲ ಕಟ್ಟು. ತಟ್ಟಿಲ್ಲ ಅಂತ ಹೇಳಿದ್ರಾತು," ಎಂದರು.

"ಬ್ಯಾಡ ಅತ್ತಿ."

"ಹೇಳಾಕ ನಾ ಇದೀನಲ್ಲ. ನನ್ನ ಮಗ, ನಾ ಹೇಳಿದ್ದು ನಂಬ್ತಾನ."

"ಸಾಕ್ಷಿ ಬ್ಯಾರೆ ಕುಂತಾನಲ್ಲ," ಎಂದು ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು ಅಕ್ಕ. ಎದ್ದು ಹೋಗಿ ತಾನೇ ಸ್ವಿಚ್ಚು ಆರಿಸಿದಳು.

ಮನೆಯಲ್ಲಿ ಅಂಥ ನಿಶ್ಶಬ್ದ ಬಹಳ ದಿನಗಳಿಂದ ಇರಲಿಲ್ಲವೆಂದು ನಿಶ್ಶಬ್ದವಾದಾಗಲೇ ತಿಳಿಯಿತು. ನಾವು ಕುಣಿಯ ಸುತ್ತ ಕೂತೆವು. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ನೇರ ಮಗ್ಗದ ಮೇಲೆ ಬೀಳುತ್ತಿತ್ತು.

ಮೊದಲು ಮೂಲೆಯ ಗುಂಡಿ ತುಂಬಿತು. ಕದಡಿದ ನೀರು. ಆಮೇಲೆ ಕುಣಿಯ ತಳ ಒದ್ದೆಯಾಯಿತು. ನೀರು ಏರುವುದು ಕಾಣುತ್ತಿರಲಿಲ್ಲ. ಗೋಡೆಯ ಒಂದು ಗುರುತು ನೋಡಿ, ಬೇರೆ ಕಡೆ ನೋಡಿ, ಮತ್ತೆ ನೋಡಿದರೆ ಆ ಗುರುತು ಮುಳುಗಿರುತ್ತಿತ್ತು. ಎಷ್ಟೋ ವರ್ಷಗಳಿಂದ ಈ ಮನೆಯವರು ಈ ನೀರಿನೊಡನೆ ಗುದ್ದಾಡಿದ್ದರು. ಬೋಗುಣಿಯಿಂದ ಮೊಗೆದಿದ್ದರು, ಕೊಡ ಹೊತ್ತಿದ್ದರು, ಮೋಟರು ಸುಟ್ಟಿದ್ದರು. ಅದನ್ನು ಅದರ ಪಾಡಿಗೆ ಬಿಟ್ಟು ನೋಡಿದವರು ಒಬ್ಬರೂ ಇರಲಿಲ್ಲ.

ನೀರು ಹಲಗೆಗೆ ತಟ್ಟಿತು. ಅಕ್ಕ ಕಣ್ಣು ಮುಚ್ಚಿ ತೆರೆದಳು. ಹಲಗೆಯನ್ನು ಮುಳುಗಿಸಿ ಇನ್ನೂ ಒಂದು ಅಂಗೈಯಷ್ಟು ಏರಿತು. ಅಲ್ಲಿ ನಿಂತಿತು.

ನಿಂತದ್ದು ನಿಜವೇ ಎಂದು ಬಹಳ ಹೊತ್ತು ಕಾದೆವು. ಅತ್ತೆ ಗೋಡೆಗೆ ಸುಣ್ಣದ ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆ ಮುಳುಗಲಿಲ್ಲ. ಹಿತ್ತಲ ಗದ್ದೆಗಳಲ್ಲಿ, ಅವುಗಳಾಚೆಯ ಗದ್ದೆಗಳಲ್ಲಿ, ಕಾಲುವೆಯವರೆಗೂ ನೆಲದೊಳಗೆ ಒಂದೇ ನೀರು ಹಾಸಿಕೊಂಡಿತ್ತು. ಅದರ ಮಟ್ಟ ಇಷ್ಟು. ಈ ಮನೆಯಲ್ಲಿ ಮಾತ್ರ ಅದಕ್ಕೊಂದು ಕಿಂಡಿ ಇತ್ತು. ಕಾಲುವೆಗೆ ನೀರು ಬಿಟ್ಟ ಸುದ್ದಿಯನ್ನು ಅಷ್ಟು ಸಲ ಬರೆದಿದ್ದ ನಾನು, ಬಿಟ್ಟ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲ ಸಲ ನೋಡಿದೆ.

ಕದಡು ತಳಕ್ಕೆ ಇಳಿದು ನೀರು ತಿಳಿಯಾಯಿತು. ಆಗ ಅಕ್ಕ "ಅಯ್ಯ" ಎಂದಳು.

ಅವಳು ನೇಯುತ್ತಿದ್ದುದು ಹೂವಿನ ಸೆರಗು. ಅಂಥದ್ದನ್ನು ಮಗ್ಗದಲ್ಲಿ ಮುಖ ಕೆಳಗೆ ಮಾಡಿಯೇ ನೇಯಬೇಕು. ನೇಯುವವರಿಗೆ ಕಾಣುವುದು ಬೆನ್ನು, ಗಂಟು, ಬಿಟ್ಟ ತುದಿಗಳು. ಹೂವು ನೋಡಬೇಕೆಂದರೆ ಕನ್ನಡಿ ಹಿಡಿದು, ಕತ್ತು ತಿರುಚಿ, ತುಂಡು ತುಂಡಾಗಿ ನೋಡಬೇಕು. ಈಗ ಕುಣಿಯ ನೀರಿನಲ್ಲಿ ಇಡೀ ಸೆರಗಿನ ಮುಖ ಕಾಣುತ್ತಿತ್ತು. ಬೆಳಕಿಂಡಿಯ ಬೆಳಕು ಬಟ್ಟೆಯನ್ನು ಹಾಯ್ದು, ಕೆಂಪು ನೇಯ್ಗೆಯ ಮೇಲೆ ಬಂಗಾರದ ಬಣ್ಣದ ಹೂಗಳು, ಸಾಲು ಸಾಲಾಗಿ, ನೀರಿನಾಳದಿಂದ ಮೇಲೆ ನೋಡುತ್ತಿದ್ದವು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಭಾವ ಬಂದದ್ದು ಆ ಹೊತ್ತಿಗೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಒಳಗೆ ಬಂದು ಮೋಟರು ನಿಂತದ್ದು ನೋಡಿದರು, ಕುಣಿ ನೋಡಿದರು.

ಅಕ್ಕ ಕೂತಲ್ಲಿಂದಲೇ ಹೇಳಿದಳು: "ತಟ್ಟೈತಿ. ನಾನ ಆರ್ಸೀನಿ. ನೀರಿನ ಜೋಡಿ ಮರಳು ಹೊಂಟಿತ್ತು, ಕಂಬ ಕುಂದ್ರಾಕತ್ತಿತ್ತು. ಕತ್ರಿ ಅಲ್ಲಿ ಗೂಟಕ್ಕೈತಿ."

ಭಾವ ಕತ್ತರಿಯ ಕಡೆ ನೋಡಲಿಲ್ಲ. ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಕೆಂಪು ಧೂಳಿನ ಹುಬ್ಬು ಗಂಟಿಕ್ಕಿ ನೀರನ್ನು ನೋಡುತ್ತಿದ್ದರು. ನಾನು ಅಕ್ಕನ ಕೈ ನೋಡಿದೆ. ಅದು ಹಾಸಿನ ಮೇಲೆ ಚಾಚಿಕೊಂಡು ಅಲುಗದೆ ಇತ್ತು.

"ಎಡಗಡೆ ಮೂರನೇ ಹೂವು," ಎಂದರು ಭಾವ. "ಒಂದು ಎಳಿ ಬಿಟ್ಟೀದಿ."

ಅಕ್ಕ ಬಗ್ಗಿದಳು. "ಎಲ್ಲಿ?"

"ಅಲ್ಲಿ. ಎಸಳಿನ ತುದಿ. ಮೊಂಡಾಗೈತಿ ನೋಡು."

"ಕಂಬ ಅಲ್ಗಾಡಿದ್ರ ಎಳಿ ಬಿಡಲಾರ್ದ ಏನ್ ಮಾಡ್ತೈತಿ?"

"ಕಂಬಕ್ಕ ಹಾಕಬ್ಯಾಡ. ಕೈ ಅವಸರ ಮಾಡೀದಿ." ಹೀಗೆ ಹೇಳುತ್ತ ಆಗಲೇ ಅವರ ಬೆರಳು ಹಾಸಿನ ಬೆನ್ನಿನ ಮೇಲೆ ಆ ಹೂವನ್ನು ಹುಡುಕುತ್ತಿತ್ತು. ಮಗ್ಗ ಬಿಟ್ಟು ವರ್ಷಗಳಾಗಿದ್ದ, ಸ್ಟೇರಿಂಗ್ ಹಿಡಿದು ದಪ್ಪವಾಗಿದ್ದ ಬೆರಳು. ಅದು ತಡವರಿಸಲಿಲ್ಲ. ಅಕ್ಕ ಸೂಜಿ ಕೊಟ್ಟಳು. ಬಿಟ್ಟ ಎಳೆಯನ್ನು ಅವರು ಸೇರಿಸಿ, ನೀರಿನಲ್ಲಿ ನೋಡಿ, "ಹಾಂ, ಈಗ ಚೂಪಾತು," ಎಂದರು.

ಕುಣಿ ಮುಚ್ಚುವ ಮಾತನ್ನು ಯಾರೂ ತೆಗೆಯಲಿಲ್ಲ. ಸಾಕ್ಷಿಯಾದ ನನ್ನನ್ನೂ ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಜರಡಿಯ ಸದ್ದು ಕೇಳಿತು. ಭಾವ ಬಾಗಿಲ ಮುಂದಿನ ಗುಡ್ಡೆಯಿಂದ ಗರಸು ಜರಡಿ ಹಿಡಿದು ಕಬ್ಬಿಣದ ಕಲ್ಲುಗಳನ್ನು ಬೇರೆ ಮಾಡುತ್ತಿದ್ದರು.

"ಏನಕ್ಕೋ?" ಎಂದರು ಅತ್ತೆ.

"ಗುಂಡಿ ತಳಕ್ಕ ಹಾಸೂದು. ಕಲ್ಲಿನ ಸಂದಿಲೆ ನೀರು ಬರ್ತೈತಿ, ಮರಳು ಬರೂದಿಲ್ಲ. ಭಾರ ಅದಾವು, ಏಳೂದಿಲ್ಲ. ಕಂಬದ ಬುಡಕ್ಕೂ ಗಿಡಿದು ತುಂಬ್ತೀನಿ."

"ಬುದ್ಧಿ ಬಂತಲ್ಲ. ಒಂದು ಟಿಪ್ಪರ್ ಮಣ್ಣು ತಂದ ಮ್ಯಾಲ ಬಂತು."

"ನಿನ್ನ ಮಗ ಅಲ್ಲೇನವ್ವ. ತಡಾನ ಬರೂದು."

ಆಮೇಲಿನದ್ದು ಮಿಸ್ತ್ರಿಯ ಕೆಲಸ. ಅವರು ಬಂದು ಚರಂಡಿಯ ಮರಳು ನೋಡಿ ತಲೆ ಕೆರೆದುಕೊಂಡರು, ಆಮೇಲೆ ದೊಡ್ಡ ದನಿಯಲ್ಲಿ ನಕ್ಕರು. ಬ್ಯಾಟರಿಯ ವಿಷಯ ನಾನು ಕೇಳಿದೆ.

"ಲಾರಿ ಬ್ಯಾಟ್ರಿ ಇಂಜಿನ್ ಒದಿಯಾಕ ಮಾಡಿದ್ದು ಸರ. ಒಂದ ಸಲ ಜಾಡಿಸಿ ಒದ್ದು ಮಲಗ್ತೈತಿ. ಇಡೀ ದಿನ ಹೊತ್ಕೊಂಡು ನಡಿ ಅಂದ್ರ ಸಾಯ್ತೈತಿ. ಅದಕ್ಕ ಬ್ಯಾರೆ ಬ್ಯಾಟ್ರಿ ಬರ್ತಾವು, ಉದ್ದನ್ನವು, ಮೆಲ್ಲಕ ಕೊಡೂವು."

"ಮೊದಲ ಹೇಳಬೇಕಿಲ್ಲೇನು?" ಎಂದಳು ಅಕ್ಕ.

"ನಮ್ಮ ಮನಿಯಾಗೂ ಲಾರಿದ ಐತಿ ಬಿಡಕ್ಕ. ಅದೂ ಸತ್ತೈತಿ."

ಹೊಸಪೇಟೆಯ ಅಂಗಡಿಯವರು ಹೇಳಿ ಕಳಿಸಿದ್ದ ಸಣ್ಣ ಮೋಟರು ಬಂದಿತ್ತು. ಒಂದು ಕೈಯಲ್ಲಿ ಹಿಡಿದು ತಂದೆ. ಮಿಸ್ತ್ರಿ ದೊಡ್ಡದನ್ನು ತೆಗೆದು ಇದನ್ನು ಕಲ್ಲಿನ ಹಾಸಿನ ಮೇಲೆ ಕೂರಿಸಿದರು. ಪೈಪಿನಲ್ಲಿ ನಿಂತ ನೀರು ಮರಳಿ ಕುಣಿಗೆ ಇಳಿಯದಂತೆ ಒಂದು ವಾಲ್ವು ಹಾಕಿದರು. ನೀರಿನ ಮೇಲೆ ತೇಲುವ ಒಂದು ಚೆಂಡು ಇತ್ತು. ಅದು ಏರಿದರೆ ಮೋಟರು ತಾನೇ ಶುರುವಾಗಬೇಕು, ಇಳಿದರೆ ತಾನೇ ನಿಲ್ಲಬೇಕು. ಎಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವಾಗ ಮಿಸ್ತ್ರಿ, "ಪೂರಾ ಖಾಲಿ ಮಾಡ್ಲೇನು?" ಎಂದರು.

"ಬ್ಯಾಡ," ಎಂದು ಅಕ್ಕ, ಭಾವ ಇಬ್ಬರೂ ಒಟ್ಟಿಗೆ ಹೇಳಿದರು.

ಅಕ್ಕ ಮಗ್ಗಕ್ಕೆ ಕೂತು ಹಲಗೆಯನ್ನು ಪೂರ್ತಿ ಕೆಳಗೆ ತುಳಿದು ಹಿಡಿದಳು. ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ನೀರು ನಿಲ್ಲುವಂತೆ ಚೆಂಡು ಕಟ್ಟಿದರು. ಕಾಲಿಗೆ ತಾಗದಷ್ಟು ಕೆಳಗೆ, ಎಳೆಗೆ ತಂಪು ಸಿಗುವಷ್ಟು ಮೇಲೆ. ನೀರನ್ನು ಓಡಿಸಲಿಲ್ಲ, ಸ್ವಲ್ಪ ಸರಿ ಎಂದು ಕೇಳಿಕೊಂಡಂತಿತ್ತು. ಚರಂಡಿಗೆ ಬಿದ್ದ ನೀರು ಕುಡಿಯುವಷ್ಟು ತಿಳಿಯಾಗಿತ್ತು.

ಹೊಸ ಬ್ಯಾಟರಿಯನ್ನು ಒದ್ದೆ ತಾಗದಂತೆ ಗೋಡೆಯ ಕಲ್ಲಿನ ಗೂಡಿನಲ್ಲಿ ಇಟ್ಟರು. ಅದಕ್ಕೆ ಆಗಾಗ ಶುದ್ಧ ನೀರು ಹಾಕುತ್ತಿರಬೇಕು ಎಂದು ಮಿಸ್ತ್ರಿ ಹೇಳಿದಾಗ ಅತ್ತೆ ನಂಬಲಿಲ್ಲ.

"ಕುಣಿಯಾಗಿನ ನೀರು ಹೊರಗ ಹಾಕಾಕ ಇದಕ್ಕ ನೀರು ಕುಡಸಬೇಕೇನು?"

"ಹೂನವ್ವ. ಮಟ್ಟ ಇಳಿದ್ರ ನೀನ ಹಾಕು."

ಅಂದಿನಿಂದ ಅದು ಅತ್ತೆಯ ಕೆಲಸವಾಯಿತು. ತುಳಸಿಗೆ ನೀರು ಹಾಕಿ ಬಂದು ಬ್ಯಾಟರಿಯ ಮಟ್ಟ ಬಗ್ಗಿ ನೋಡುತ್ತಿದ್ದರು.

ಕರೆಂಟು ಆಮೇಲೂ ಹೋಗುತ್ತಲೇ ಇತ್ತು. ಮೊದಲ ಸಲ ಹೋದಾಗ ನಾನು ಅಲ್ಲಿದ್ದೆ. ಫ್ಯಾನು ನಿಂತಿತು, ಎದುರುಮನೆಯ ಟಿವಿ ನಿಂತಿತು, ಬೀದಿಯಿಡೀ ಬೇಸರದ ಉದ್ಗಾರ ಕೇಳಿತು. ಕುಣಿಯ ಮೂಲೆಯಲ್ಲಿ ಮಾತ್ರ ಸಣ್ಣ ಮೋಟರು ಬೆಕ್ಕಿನ ಮರಿಯ ಹಾಗೆ ಗುರುಗುಟ್ಟುತ್ತ ತನ್ನ ಗುಟುಕು ಮುಗಿಸಿ, ತಾನೇ ಸುಮ್ಮನಾಯಿತು. ಅಕ್ಕ ಲಾಳಿ ಓಡಿಸುವುದನ್ನು ನಿಲ್ಲಿಸಿರಲಿಲ್ಲ.

ಆ ಹಾಸು ಮುಗಿಯಿತು. ಕತ್ತರಿ ಹಾಕಿದ್ದು ಅಕ್ಕನೇ, ಸೀರೆ ಮಗ್ಗದಿಂದ ಇಳಿಸಲು. ಹೊಸ ಹಾಸಿನ ಎಳೆಗಳನ್ನು ಹೊಸೆದು ಸೇರಿಸುವಾಗ ಅತ್ತೆಯ ಜಾಗದಲ್ಲಿ, ಅಕ್ಕನ ಎದುರಿಗೆ, ರಜೆಯಲ್ಲಿದ್ದ ಭಾವ ಕೂತಿದ್ದರು. ಮಾರನೆಯ ದಿನ ಟಿಪ್ಪರಿಗೆ ಮರಳಿದರು. ಹೊರಡುವ ಮೊದಲು, ಬಾಗಿಲ ಮುಂದೆ ಉಳಿದ ಗರಸನ್ನು ಬೀದಿಯ ಗುಂಡಿಗಳಿಗೆ ಹರಡಿದರು. ಆ ಗುಂಡಿಗಳಲ್ಲಿ ಒಂದೆರಡು ಅವರ ಟಿಪ್ಪರಿನದ್ದೇ.

ಮುಂದಿನ ಮುಂಗಾರಿನಲ್ಲಿ ನಾನು ಮತ್ತೆ ಮೂರು ಪ್ಯಾರಾ ಬರೆದೆ. ನಾಟಿ ಮುಗಿಯುವ ಹೊತ್ತಿಗೆ ಕಂಪ್ಲಿಗೆ ಹೋದೆ. ಕುಣಿಯಲ್ಲಿ ನೀರು ಬಂದು ತನ್ನ ಜಾಗದಲ್ಲಿ ನಿಂತಿತ್ತು. ಬೆಳಕಿಂಡಿಯ ಬಿಸಿಲು ಬಿದ್ದಿತ್ತು. ಅಕ್ಕನ ಒಣ ಪಾದಗಳ ಕೆಳಗೆ, ನೀರಿನಲ್ಲಿ, ಹಸಿರು ನೇಯ್ಗೆಯ ಮೇಲೆ, ಈ ಸಲ ಬೇರೆ ಹೂವು.

ಭಾವ ಅದೇ ದಿನ ರಜೆಗೆ ಬಂದರು. ಗಣಿಯ ಧೂಳು, ದಪ್ಪ ಬೂಟು, ಎರಡು ಹೆಜ್ಜೆಗೆ ಇಡೀ ಪಡಸಾಲೆ ದಾಟುವ ಆಳು. ಹೊಸ್ತಿಲಲ್ಲಿ ಕಾಲಿಟ್ಟದ್ದೇ ತಡ, ಕುಣಿಯ ನೀರಿನಲ್ಲಿ ಬಳೆಯಂಥ ಅಲೆಗಳೆದ್ದು ಹೂಗಳೆಲ್ಲ ಕಲಸಿಹೋದವು.

ಅಕ್ಕ ತಲೆಯೆತ್ತಲಿಲ್ಲ. "ಮೆಲ್ಲಕ ಬರ್ರಿ, ಹೂವು ಅಲ್ಗಾಡಾಕತ್ತಾವು," ಎಂದಳು.

ಭಾವ ಹೊಸ್ತಿಲಲ್ಲೇ ನಿಂತು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ತಮ್ಮದೇ ಮನೆಯೊಳಗೆ, ತುದಿಗಾಲಲ್ಲಿ ನಡೆದು ಬಂದರು.